ಯಾರ್ಕ್‌ಟೌನ್‌ನಲ್ಲಿ ಸೋತವನು, ಶ್ರೀರಂಗಪಟ್ಟಣಕ್ಕೆ ಬಂದವನು

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ ಥಾಮಸ್ ಗೇನ್ಸ್‌ಬರೋ 1783ರಲ್ಲಿ ರಚಿಸಿದ ತೈಲಚಿತ್ರವೊಂದಿದೆ. ಕೆಂಪು ಸೇನಾ ಸಮವಸ್ತ್ರ ಧರಿಸಿದ, ತುಂಬಿದ ಮುಖದ, ನಲವತ್ತು ದಾಟಿದ ಇಂಗ್ಲಿಷ್ ಶ್ರೀಮಂತನೊಬ್ಬನ ಭಾವಚಿತ್ರವದು. ಅವನು ಚಾರ್ಲ್ಸ್ ಕಾರ್ನ್‌ವಾಲಿಸ್. ಮೂರನೆಯ ಮೈಸೂರು ಯುದ್ಧ, ಖಾಯಂ ಜಮೀನ್ದಾರಿ ಪದ್ಧತಿ ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಹೆಸರು. ಚಿತ್ರ ಬರೆಸಿಕೊಳ್ಳುವ ಹೊತ್ತಿಗೆ ಅವನು ಇನ್ನೂ ಭಾರತವನ್ನು ಕಂಡಿರಲಿಲ್ಲ. ಅಮೆರಿಕದಲ್ಲಿ ಒಂದು ಸೈನ್ಯವನ್ನೇ ಶತ್ರುವಿಗೊಪ್ಪಿಸಿ ಎರಡು ವರ್ಷವೂ ತುಂಬದ ಸಮಯವದು.

1738ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಹುಟ್ಟಿದ ಈತ ಓದಿದ್ದು ಈಟನ್ ಶಾಲೆಯಲ್ಲಿ. ಅಲ್ಲಿ ಹಾಕಿ ಆಡುವಾಗ ಜೊತೆಯ ಹುಡುಗನ ಏಟು ಕಣ್ಣಿಗೆ ಬಿದ್ದು, ಆ ಕಣ್ಣಿನ ನೋಟ ಜೀವಮಾನವಿಡೀ ತುಸು ಓರೆಯಾಗಿಯೇ ಉಳಿಯಿತು. ಏಟು ಕೊಟ್ಟ ಶೂಟ್ ಬ್ಯಾರಿಂಗ್ಟನ್ ಮುಂದೆ ಡರ್ಹಾಮಿನ ಬಿಷಪ್ ಆದ. ವೃತ್ತಿಯಿಂದ ವೈದ್ಯನಾದ್ದರಿಂದಲೋ ಏನೋ, ಚಿತ್ರದಲ್ಲಿ ನಾನು ಮೊದಲು ಹುಡುಕಿದ್ದು ಆ ಕಣ್ಣನ್ನೇ.

ಸೈನ್ಯಕ್ಕೆ ಸೇರಿ ಜರ್ಮನಿಯಲ್ಲಿ ಹೋರಾಡುತ್ತಿದ್ದಾಗ, 1762ರಲ್ಲಿ, ತಂದೆ ತೀರಿಕೊಂಡು ಅರ್ಲ್ ಪದವಿ ಅವನ ಪಾಲಿಗೆ ಬಂತು. ಅಮೆರಿಕದ ವಸಾಹತುಗಳ ಮೇಲೆ ಯಾವ ಶಾಸನವನ್ನಾದರೂ ಹೇರುವ ಹಕ್ಕು ತನಗಿದೆಯೆಂದು ಬ್ರಿಟಿಷ್ ಪಾರ್ಲಿಮೆಂಟು 1766ರಲ್ಲಿ ಸಾರಿದಾಗ, ಮೇಲ್ಮನೆಯಲ್ಲಿ ಅದರ ವಿರುದ್ಧ ಮತ ಹಾಕಿದ ಐವರಲ್ಲಿ ಅವನೂ ಒಬ್ಬ. ಹತ್ತು ವರ್ಷಗಳ ಬಳಿಕ ಅದೇ ವಸಾಹತುಗಳನ್ನು ಅಡಗಿಸಲು ಹಡಗು ಹತ್ತಿದ.

ಆ ಪ್ರಯಾಣ ಹೆಂಡತಿ ಜೆಮೈಮಾಳಿಗೆ ಸುತರಾಂ ಇಷ್ಟವಿರಲಿಲ್ಲ. ಅವರ ಮದುವೆಯಾದದ್ದು 1768ರಲ್ಲಿ. ಮನೆಯಲ್ಲಿ ಒಬ್ಬ ಮಗಳು, ಒಬ್ಬ ಮಗ. ಗಂಡನ ಚಿಕ್ಕಪ್ಪ ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಅವರ ಮೂಲಕ ದೊರೆಯವರೆಗೂ ಮೊರೆ ಹೋಗಿ, ಕಾರ್ನ್‌ವಾಲಿಸ್ ಊರಲ್ಲೇ ಉಳಿಯಬಹುದೆಂಬ ಅನುಮತಿಯನ್ನೂ ಆಕೆ ಪಡೆದಳು. ಅವನು ಅದನ್ನು ಬಳಸಿಕೊಳ್ಳಲಿಲ್ಲ. 1778ರ ಕೊನೆಗೆ ಹೆಂಡತಿಯ ಕಾಯಿಲೆ ಬಿಗಡಾಯಿಸಿದೆಯೆಂಬ ಸುದ್ದಿ ಬಂದಾಗ ಮಾತ್ರ ಹುದ್ದೆ ಬಿಟ್ಟು ಮನೆಗೆ ಧಾವಿಸಿದ. ಕೆಲವೇ ತಿಂಗಳಲ್ಲಿ ಆಕೆ ತೀರಿಕೊಂಡಳು. ಮನೆಯಲ್ಲಿ ನಿಲ್ಲಲಾಗದೆ ಮತ್ತೆ ಅಮೆರಿಕಕ್ಕೆ ಹೋದವನು ಮರುಮದುವೆಯಾಗಲಿಲ್ಲ.

ಸಲ್ವಾದಲ್ಲಿ ನನ್ನ ಮುಂದೆ ಕೂರುವ ನಮ್ಮ ಕಡೆಯವರಲ್ಲಿ ಕೆಲವರು ತಮ್ಮ ಕಾಯಿಲೆ ಹೇಳಿಕೊಳ್ಳಲು ಬಂದಿರುವುದಿಲ್ಲ. ಊರಿನಲ್ಲಿರುವ ಹೆಂಡತಿಯ ವರದಿಗಳನ್ನು ಮೊಬೈಲಿನಲ್ಲಿ ತೋರಿಸಿ, ರಜೆಗೆ ಕಾಯಲೇ ಅಥವಾ ರಾಜೀನಾಮೆ ಕೊಟ್ಟು ಹೊರಟುಬಿಡಲೇ ಡಾಕ್ಟ್ರೇ ಎಂದು ಕೇಳುತ್ತಾರೆ. ವರದಿಯಲ್ಲಿ ಏನಿದೆಯೆಂದು ನಾನು ಹೇಳಬಲ್ಲೆ. ಉಳಿದ ಪ್ರಶ್ನೆಯ ಮುಂದೆ ಅರ್ಲ್ ಕೂಡ ತಡವರಿಸಿದ್ದ.

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ, ಅಮೆರಿಕನ್ ಮತ್ತು ಫ್ರೆಂಚ್ ಪಡೆಗಳ ಮುತ್ತಿಗೆಗೆ ಸಿಕ್ಕಿ, ಏಳು ಸಾವಿರಕ್ಕೂ ಹೆಚ್ಚು ಸೈನಿಕರೊಂದಿಗೆ ಅವನು ಶರಣಾದ. ಅನಾರೋಗ್ಯದ ನೆಪ ಹೇಳಿ, ಖಡ್ಗ ಒಪ್ಪಿಸುವ ಕೆಲಸಕ್ಕೆ ಕೈಕೆಳಗಿನ ಒಹಾರನನ್ನು ಕಳುಹಿಸಿದ್ದು ಅವನ ಬಾಳಿನಲ್ಲಿ ಶೋಭೆ ತರದ ಗಳಿಗೆ. ಆಗ ಲಂಡನ್ ಟವರಿನಲ್ಲಿ ಅಮೆರಿಕದ ಹೆನ್ರಿ ಲಾರೆನ್ಸ್ ಸೆರೆಯಲ್ಲಿದ್ದ. ಕಾಗದದ ಮೇಲೆ ಆ ಟವರಿನ ಕಾನ್‌ಸ್ಟೇಬಲ್ ಇದೇ ಕಾರ್ನ್‌ವಾಲಿಸ್. ಕೊನೆಗೆ ಅದೇ ಲಾರೆನ್ಸ್‌ಗೆ ಬದಲಾಗಿ ಇವನ ಬಿಡುಗಡೆಯಾಯಿತು.

ಇಷ್ಟೆಲ್ಲ ಆದ ಮೇಲೂ 1786ರಲ್ಲಿ ಗವರ್ನರ್ ಜನರಲ್ ಮತ್ತು ಮಹಾದಂಡನಾಯಕ, ಎರಡೂ ಪದವಿಗಳನ್ನು ಕೊಟ್ಟು ಅವನನ್ನು ಕಲ್ಕತ್ತೆಗೆ ಕಳುಹಿಸಿದರು. ದೊಡ್ಡ ಮನೆತನದವರ ಸೋಲು ಬೇಗ ಮರೆತುಹೋಗುತ್ತದೆ.

ಬೆಂಗಳೂರಿಗೆ ಅವನು ಬಂದದ್ದು 1791ರ ಮಾರ್ಚ್‌ನಲ್ಲಿ. 7ರಂದು ಪೇಟೆ ಕೈವಶವಾಯಿತು. 21ರ ರಾತ್ರಿ ಕೋಟೆಯ ಗೋಡೆಯನ್ನು ಒಡೆದು ಒಳನುಗ್ಗಿದರು. ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಮಡಿದ. ಗೋಡೆ ಒಡೆದ ಜಾಗವನ್ನು ಗುರುತಿಸುವ ಕಲ್ಲುಫಲಕ ಇಂದಿಗೂ ಅಲ್ಲಿದೆ. ಅದರ ಮುಂದೆ ಸಿಟಿ ಮಾರ್ಕೆಟ್ಟಿನ ಜನ ನಿಲ್ಲದೆ ಹರಿಯುತ್ತಾರೆ. ಮೇ 15ರಂದು ಅರಕೆರೆಯ ಬಳಿ ಟಿಪ್ಪುವನ್ನು ಹಿಮ್ಮೆಟ್ಟಿಸಿದರೂ ಶ್ರೀರಂಗಪಟ್ಟಣ ಕೈಗೆಟುಕಲಿಲ್ಲ. ಮಳೆ ಹಿಡಿಯಿತು, ದನಗಳು ಸತ್ತವು, ದವಸ ಮುಗಿಯಿತು. ಕನ್ನಂಬಾಡಿಯ ಸಮೀಪ ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಹಿಂದೆ ಸರಿದ. ದಾರಿಯಲ್ಲಿ ಮರಾಠರ ದಂಡು ತನ್ನ ಬಜಾರಿನೊಂದಿಗೆ ಎದುರಾಗದೇ ಇದ್ದಿದ್ದರೆ ಎರಡನೆಯ ಯಾರ್ಕ್‌ಟೌನ್ ನಮ್ಮ ಕಾವೇರಿ ಸೀಮೆಯಲ್ಲೇ ಆಗುತ್ತಿತ್ತೇನೋ.

ಆ ವರ್ಷವೇ ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು, 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದ. ಒಪ್ಪಂದದಂತೆ ಮೈಸೂರಿನ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದು ತೀರುವ ತನಕ ಟಿಪ್ಪುವಿನ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಒತ್ತೆಯಾಳುಗಳು. ದಂಡಿನೊಡನಿದ್ದ ಚಿತ್ರಕಾರ ರಾಬರ್ಟ್ ಹೋಮ್ ಆ ದೃಶ್ಯವನ್ನು ದೊಡ್ಡ ತೈಲಚಿತ್ರವಾಗಿಸಿದ. ಅದರಲ್ಲಿ ಕಾರ್ನ್‌ವಾಲಿಸ್ ಮಕ್ಕಳನ್ನು ಅಕ್ಕರೆಯಿಂದ ಬರಮಾಡಿಕೊಳ್ಳುತ್ತಾನೆ. ಮಕ್ಕಳನ್ನು ದೂರದಲ್ಲಿ ಬಿಟ್ಟು ಬಂದ ತಂದೆಯೊಬ್ಬ ಇನ್ನೊಬ್ಬ ತಂದೆಯ ಮಕ್ಕಳನ್ನು ಒತ್ತೆಯಿಟ್ಟುಕೊಂಡದ್ದನ್ನು ಇಂಗ್ಲೆಂಡಿನಲ್ಲಿ ಕರುಣೆಯ ಚಿತ್ರವೆಂದು ನೋಡಿದರು. ಹುಡುಗರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಲೂಟಿಯಲ್ಲಿ ತನಗೆ ಸಲ್ಲಬೇಕಾದ ಪಾಲನ್ನು ಅವನು ಬಿಟ್ಟುಕೊಟ್ಟನೆಂಬುದೂ ನಿಜ. ಕಂಪನಿಯ ನೌಕರರ ಸ್ವಂತ ವ್ಯಾಪಾರವನ್ನು ನಿಲ್ಲಿಸಿ, ಲಂಚ ಮುಟ್ಟದಂತೆ ಸಂಬಳ ಏರಿಸಿದ. ಅದೇ ಕೈಯಿಂದ ಭಾರತೀಯರಿಗೆ ವರ್ಷಕ್ಕೆ 500 ಪೌಂಡಿಗೂ ಮೇಲಿನ ಹುದ್ದೆಗಳ ಬಾಗಿಲು ಮುಚ್ಚಿದ. ಹುಟ್ಟಿದ ದೇಶ ನೋಡಿ ಸಂಬಳದ ಎತ್ತರ ನಿರ್ಧಾರವಾಗುವುದನ್ನು ಬಲ್ಲ ನಮ್ಮಂಥವರು ಈ ಸಾಲನ್ನು ಸುಮ್ಮನೆ ದಾಟಲಾರೆವು. 1793ರ ಖಾಯಂ ಜಮೀನ್ದಾರಿ ಪದ್ಧತಿ ಬಂಗಾಳದ ರೈತನಿಗೆ ಏನು ಮಾಡಿತೆಂಬುದು ಬೇರೆಯೇ ಕಥೆ.

ಮಾರ್ಕ್ವಿಸ್ ಆಗಿ ಮರಳಿದವನು 1798ರಿಂದ 1801ರವರೆಗೆ ಐರ್ಲೆಂಡನ್ನು ಆಳಿದ. 1802ರಲ್ಲಿ ಫ್ರಾನ್ಸಿನೊಂದಿಗಿನ ಆಮಿಯೆನ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ. ಅಷ್ಟಕ್ಕೆ ವಿಶ್ರಾಂತಿ ಪಡೆಯಬಹುದಿತ್ತು. ಆದರೆ 1805ರಲ್ಲಿ ಅರವತ್ತಾರರ ವಯಸ್ಸಿನಲ್ಲಿ ಪುನಃ ಗವರ್ನರ್ ಜನರಲ್ ಪದವಿ ಒಪ್ಪಿಕೊಂಡು ಜುಲೈ ಕೊನೆಗೆ ಕಲ್ಕತ್ತೆಯಲ್ಲಿಳಿದ. ಮಳೆಗಾಲದಲ್ಲಿ ಗಂಗೆಯ ಮೇಲೆ ದೋಣಿಯಲ್ಲಿ ಪಶ್ಚಿಮಕ್ಕೆ ಹೊರಟವನ ದೇಹ ದಿನೇದಿನೇ ಕುಸಿಯಿತು. ಅಕ್ಟೋಬರ್ 5ರಂದು ಗಾಜೀಪುರದಲ್ಲಿ ತೀರಿಕೊಂಡ.

ಅಲ್ಲಿಯೇ, ನದಿಯನ್ನು ನೋಡುವಂತೆ, ಅವನ ಗೋರಿಯಿದೆ. ಸ್ಥಳೀಯರು ಅದನ್ನು ಲಾಟ್ ಸಾಹೇಬನ ಮಕ್ಬರಾ ಎನ್ನುತ್ತಾರೆ. ಜೆಮೈಮಾ ಮಲಗಿರುವುದು ಇಂಗ್ಲೆಂಡಿನ ಸಫೋಕ್ ಸೀಮೆಯ ಕಲ್ಫರ್ಡ್‌ನಲ್ಲಿ. ಮಗನಿಗೆ ಐವರು ಹೆಣ್ಣುಮಕ್ಕಳು. 1823ರಲ್ಲಿ ಅವನು ಸತ್ತಾಗ ಗಂಡು ವಾರಸುದಾರನಿಲ್ಲದೆ ಮಾರ್ಕ್ವಿಸ್ ಪದವಿ ಅಲ್ಲಿಗೇ ಕೊನೆಗೊಂಡಿತು.