ಕಡಕೋಳ ಮಡಿವಾಳಪ್ಪ: ಮರುಹಾಡಿಕೆಗೆ ಒರೆಗಲ್ಲಾದ ಬದುಕು

ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆಗೆ ಕುಳಿತವರು ಕಡಕೋಳ ಮಡಿವಾಳಪ್ಪನವರ ಒಂದಾದರೂ ತತ್ವಪದವನ್ನು ಹಾಡದೆ ಮೇಲೇಳುವುದು ಅಪರೂಪ. ಏಕತಾರಿಯ ಶ್ರುತಿ, ದಮ್ಮಡಿಯ ಪೆಟ್ಟು, ತಾಳದ ಕಿಣಿಕಿಣಿಯ ನಡುವೆ ಒಬ್ಬರು ಪಲ್ಲವಿ ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ಮರಳಿಸುತ್ತಾರೆ. ಹೀಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಆ ಪದಗಳು ಕೊರಳಿನಿಂದ ಕೊರಳಿಗೆ ದಾಟಿ ಬಂದಿವೆ.

ಆದರೆ ಮಡಿವಾಳಪ್ಪನವರು ಸ್ವತಃ ಆ ಪದಗಳನ್ನು ಹೇಗೆ ಹಾಡುತ್ತಿದ್ದರು ಎಂಬುದಕ್ಕೆ ಯಾವ ಧ್ವನಿಮುದ್ರಣವೂ ಇಲ್ಲ. ಭಾರತಕ್ಕೆ ಗ್ರಾಮಾಫೋನು ಬರುವುದಕ್ಕೆ ಬಹಳ ಮೊದಲೇ ಅವರ ಬದುಕು ಮುಗಿದಿತ್ತು. ಇಂದು ಕಿವಿಗೆ ಬೀಳುವ ಅವರ ಪ್ರತಿಯೊಂದು ಪದವೂ ಬೇರೊಬ್ಬರ ಹಾಡಿಕೆ. ಇಂದಿನ ಸಂಗೀತ ಮಾರುಕಟ್ಟೆ ‘ಕವರ್’ ಎಂದು ಕರೆಯುವ ಮರುಹಾಡಿಕೆಯೊಂದೇ ಅಲ್ಲಿ ಉಳಿದಿರುವ ರೂಪ. ಜನ ಮೆಚ್ಚಿದ ಹಾಡನ್ನು ಮತ್ತೊಬ್ಬರು ಹಾಡಿದಾಗ ಅದು ಒಳ್ಳೆಯದೋ ಕೆಟ್ಟದೋ ಎಂದು ಅಳೆಯುವ ಬಗೆ ಯಾವುದು? ಹೋಲಿಸಿ ನೋಡಲು ಮೂಲವೇ ಇಲ್ಲದ ಈ ಪದಗಳ ಮುಂದೆ ಆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಅದಕ್ಕೆ ಉತ್ತರವನ್ನು ಮಡಿವಾಳಪ್ಪನವರ ಬದುಕಿನಲ್ಲಿಯೇ ಹುಡುಕಬೇಕು.

ಬಿದನೂರಿನಿಂದ ಕಡಕೋಳಕ್ಕೆ

ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ಕಾಲ ಹದಿನೆಂಟನೆಯ ಶತಮಾನದ ಉತ್ತರಾರ್ಧ. ತಾಯಿ ಗಂಗಮ್ಮ. ಭೀಮಾ ನದಿಯ ಆಸುಪಾಸಿನ ಈ ನಾಡು ಆಗಲೇ ಹಲವು ಭಕ್ತಿಪಂಥಗಳು ಕೂಡಿದ ನೆಲವಾಗಿತ್ತು. ಇದೇ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ ದತ್ತ ಸಂಪ್ರದಾಯ ಬೇರೂರಿತ್ತು. ಕಲಬುರಗಿಯಲ್ಲಿ ಖಾಜಾ ಬಂದೇ ನವಾಜರ ದರ್ಗಾ ಹದಿನೈದನೆಯ ಶತಮಾನದಿಂದ ಭಕ್ತರನ್ನು ಸೆಳೆಯುತ್ತಿತ್ತು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರು ಮಡಿವಾಳಪ್ಪನವರ ಹಿರಿಯ ಸಮಕಾಲೀನರು. ರಾಜಕೀಯವಾಗಿ ಇದು ಹೈದರಾಬಾದ್ ನಿಜಾಮರ ಆಳ್ವಿಕೆಯ ಪ್ರದೇಶ. ನೆರೆಯಲ್ಲಿ ಸುರಪುರದ ನಾಯಕರ ಸಂಸ್ಥಾನವಿತ್ತು. ದಫ್ತರದಲ್ಲಿ ಪಾರಸಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು ಮತ್ತು ಮರಾಠಿ ಎಂಬಂತಿದ್ದ ಸೀಮೆಯದು.

ಇಂಥ ನೆಲದಲ್ಲಿ ಹುಟ್ಟಿದರೂ ಮಡಿವಾಳಪ್ಪನವರಿಗೆ ಹುಟ್ಟೇ ಒಂದು ನಿಂದೆಯಾಯಿತು. ಪರಂಪರೆಯ ಕಥನಗಳ ಪ್ರಕಾರ ಗಂಗಮ್ಮ ವಿಧವೆ. ಆಕೆಯ ಮಗನ ಜನ್ಮವನ್ನು ಊರಿನ ದೊಡ್ಡವರು ಒಪ್ಪಲಿಲ್ಲ, ದೀಕ್ಷೆಗೆ ಆತ ಅರ್ಹನಲ್ಲವೆಂದು ತಡೆದರು. ಕಡೆಗೆ ಕಲಕೇರಿಯ ಮರುಳಾರಾಧ್ಯರು ಕುಲ ಕೇಳದೆ ದೀಕ್ಷೆ ಕೊಟ್ಟರೆಂದು ಜನ ಇಂದಿಗೂ ನೆನೆಯುತ್ತಾರೆ. ಚಿಣಮಗೇರಿಯ ಮಹಾಂತ ಪರಂಪರೆಯೊಡನೆಯೂ ಅವರ ಹೆಸರು ಕೂಡಿಕೊಂಡಿದೆ. ಅವರ ಪದಗಳ ಕೊನೆಯಲ್ಲಿ ಬರುವ ಮಹಾಂತ ಎಂಬ ಅಂಕಿತ ಆ ಗುರುಭಾವದ ಗುರುತು.

ಹುಟ್ಟಿದೂರಿನ ಋಣ ಕಡಿದುಕೊಂಡು ಅವರು ನೆಲೆ ನಿಂತದ್ದು ಕಡಕೋಳದಲ್ಲಿ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅವರ ಬದುಕು ಅಲ್ಲಿಯೇ ಕೊನೆಗೊಂಡಿತು. ಅವರ ಮಠವೂ ಗದ್ದುಗೆಯೂ ಅಲ್ಲಿಯೇ ಇವೆ. ಬಿದನೂರಿನ ಮಗನನ್ನು ಲೋಕ ಕಡಕೋಳದ ಹೆಸರಿನಿಂದಲೇ ಗುರುತಿಸಿತು.

ಅವರ ಪದಗಳನ್ನು ಈ ಬದುಕಿನಿಂದ ಬಿಡಿಸಿ ನೋಡಲಾಗದು. ಜಾತಿಯ ಅಹಂಕಾರ, ವೇಷಧಾರಿ ಗುರುಗಳ ಬೂಟಾಟಿಕೆ, ಒಳಗೆ ಹೊಲಸಿಟ್ಟುಕೊಂಡು ಹೊರಗೆ ತೋರಿಸುವ ಮಡಿ ಇವೆಲ್ಲದರ ಮೇಲೆ ಅವರ ಪದಗಳು ನೇರವಾಗಿ ಎರಗುತ್ತವೆ. ಕೆಲವು ಪದಗಳಲ್ಲಿ ದೇಹವೇ ಮನೆ, ಉಸಿರೇ ದಾರಿ. ಇನ್ನು ಕೆಲವು ಒಗಟಿನಂಥ ಮುಂಡಿಗೆಗಳು. ಎಲ್ಲಿಯೂ ಅವು ಬರಿಯ ಇಂಪಿಗಾಗಿ ಹುಟ್ಟಿದ ಹಾಡುಗಳಲ್ಲ. ಊರು ಹೊರಗಿಟ್ಟ ಮನುಷ್ಯನೊಬ್ಬ ಊರಿಗೆ ಒಡ್ಡಿದ ಸವಾಲುಗಳು.

ಶಿಷ್ಯರ ಕೊರಳಲ್ಲಿ ಗುರುವಿನ ಪದ

ಮಡಿವಾಳಪ್ಪನವರ ಪದಗಳ ಮೊದಲ ಮರುಹಾಡಿಕೆ ನಡೆದದ್ದು ಅವರ ಶಿಷ್ಯರ ನಡುವೆ. ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ, ಕಡ್ಲೇವಾಡದ ಸಿದ್ಧಪ್ಪ ಮೊದಲಾದವರ ಬಳಗವದು. ಒಂದೇ ಜಾತಿಗೆ, ಒಂದೇ ಮತಕ್ಕೆ ಸೇರಿದ ಬಳಗವಲ್ಲ. ಹುಟ್ಟನ್ನು ಕೇಳಿ ದೀಕ್ಷೆ ತಡೆದವರಿಗೆ ಮಡಿವಾಳಪ್ಪನವರು ಕೊಟ್ಟ ನಿಜವಾದ ಉತ್ತರ ಈ ಶಿಷ್ಯಬಳಗ.

ಈ ಶಿಷ್ಯರು ಗುರುವಿನ ಪದ ಹಾಡಿದರು, ಅದೇ ಜಾಡಿನಲ್ಲಿ ತಮ್ಮವೇ ಪದಗಳನ್ನೂ ಕಟ್ಟಿದರು. ಇಲ್ಲಿ ಒಂದು ಸೂಕ್ಷ್ಮ ವಿಚಾರವಿದೆ. ಗುರುವಿನ ಪದವನ್ನು ಹಾಡುವಾಗ ಗುರುವಿನ ಅಂಕಿತವನ್ನು ಉಳಿಸುವುದು, ತನ್ನ ಮಾತು ಹೇಳಬೇಕೆನಿಸಿದಾಗ ಬೇರೆ ಪದ ಕಟ್ಟುವುದು ತತ್ವಪದ ಪರಂಪರೆಯ ಶಿಸ್ತು. ಇನ್ನೊಬ್ಬರ ಪದದೊಳಗೆ ತನ್ನ ಹೆಸರು ತೂರಿಸುವುದನ್ನು ಅದು ಮೆಚ್ಚದು. ಮರುಹಾಡಿಕೆ ಯಾವುದು, ಕಳವು ಯಾವುದು ಎಂಬ ಗೆರೆಯನ್ನು ಕಾನೂನಿನ ಹಂಗಿಲ್ಲದೆ ಈ ಭಜನಾ ಮಂಡಳಿಗಳು ಎಳೆದುಕೊಂಡಿದ್ದವು.

ಮೆಟ್ಟು ಬದಲಾದರೆ ದೋಷವೇನು?

ಹಳೆಯ ಹಾಡಿನ ಧಾಟಿಯನ್ನು ಬದಲಿಸಿದ ಕೂಡಲೇ ಅಭಿಮಾನಿಗಳು ಸಿಡಿಮಿಡಿಗೊಳ್ಳುವುದು ಚಿತ್ರಗೀತೆಗಳ ಲೋಕದಲ್ಲಿ ಸಾಮಾನ್ಯ. ತತ್ವಪದದ ಲೋಕದಲ್ಲಿ ಹಾಗಿಲ್ಲ. ಅಲ್ಲಿ ಒಂದು ಮೆಟ್ಟಿಗೆ ಹಲವು ಪದಗಳು ಕೂಡುತ್ತವೆ, ಒಂದೇ ಪದ ಊರಿಂದೂರಿಗೆ ಬೇರೆ ಮೆಟ್ಟಿನಲ್ಲಿ ಕೇಳಿಬರುತ್ತದೆ. ಭೀಮಾ ತೀರದ ಮಂಡಳಿ ನಿಧಾನಗತಿಯಲ್ಲಿ ಎತ್ತಿದ ಪದವನ್ನು ಇನ್ನೊಂದು ಊರಿನವರು ದಮ್ಮಡಿಯ ಬಿರುಸಿನಲ್ಲಿ ಹಾಡಬಹುದು. ಹಾರ್ಮೋನಿಯಂ, ತಬಲಾ ಬಂದ ಮೇಲೆ ಸ್ವರ ಹಿಡಿಯುವ ಬಗೆಯೂ ಬದಲಾಯಿತು. ಕೇಳುವವರು ಇದಕ್ಕೆ ತಕರಾರು ತೆಗೆಯುವುದಿಲ್ಲ.

ಅವರು ತಕರಾರು ತೆಗೆಯುವುದು ಮಾತು ಕೆಟ್ಟಾಗ. ಪದದ ಮೊದಲ ನುಡಿಯಿಂದ ಅಂಕಿತದ ನುಡಿಯವರೆಗೆ ಒಂದು ವಾದ ಮೆಟ್ಟಿಲೇರುತ್ತ ಹೋಗುತ್ತದೆ. ಮೊದಲಿಗೆ ಕಾಣುವ ಲೋಕದ ಚಿತ್ರ, ನಡುವೆ ಪ್ರಶ್ನೆ, ಕೊನೆಗೆ ಗುರುವಿನ ನೆನಪಿನಲ್ಲಿ ದೊರೆಯುವ ನಿಲುಗಡೆ. ನಡುವಿನ ಕಟುವಾದ ನುಡಿಯನ್ನು ಬಿಟ್ಟು ಇಂಪಾದ ಎರಡು ನುಡಿಗಳನ್ನಷ್ಟೇ ಹಾಡಿದರೆ ಆ ಮೆಟ್ಟಿಲು ಮುರಿಯುತ್ತದೆ. ಜಾತಿಯನ್ನು ಚುಚ್ಚುವ ಸಾಲನ್ನು ಸಭೆಯ ಮುಲಾಜಿಗೆ ನುಂಗಿಕೊಂಡವರು ಮಡಿವಾಳಪ್ಪನವರ ರಾಗವನ್ನು ಹಾಡಿದಂತಾಗಬಹುದು, ಮಡಿವಾಳಪ್ಪನವರನ್ನು ಹಾಡಿದಂತಾಗದು. ಬಿದನೂರಿನಲ್ಲಿ ತಾಯಿ ಮಗ ಉಂಡ ಅವಮಾನವೇ ಆ ಸಾಲಿನ ಹಿಂದಿದೆ.

ನುಡಿ ತಿದ್ದುವವರ ಅಪಾಯ

ನಗರದ ವೇದಿಕೆಗೆ ಬಂದಾಗ ಈ ಪದಗಳಿಗೆ ಒದಗುವ ಇನ್ನೊಂದು ಕಂಟಕ ಭಾಷೆಯ ತಿದ್ದುಪಡಿ. ಕಲಬುರಗಿ ಸೀಮೆಯ ಆಡುಮಾತು ಒರಟೆಂದು ಭಾವಿಸಿ ಅದನ್ನು ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿ ಹಾಡುವವರಿದ್ದಾರೆ. ಆಗ ಕೆಡುವುದು ಸೊಗಡೊಂದೇ ಅಲ್ಲ, ಲೆಕ್ಕವೂ ಕೆಡುತ್ತದೆ. ಆ ಸೀಮೆಯವರು ಆಡುವ ‘ಮಾಡ್ಯಾನ’ ಎಂಬ ಮಾತಿಗೆ ಐದು ಮಾತ್ರೆ. ಅದನ್ನು ‘ಮಾಡಿದ್ದಾನೆ’ ಎಂದು ತಿದ್ದಿದರೆ ಏಳು ಮಾತ್ರೆಯಾಗುತ್ತದೆ. ಹೆಚ್ಚಾದ ಎರಡು ಮಾತ್ರೆಗಳಿಗೆ ತಾಳದಲ್ಲಿ ಜಾಗವಿಲ್ಲ. ಹಾಡುವವರು ಅದನ್ನು ಅವಸರದಿಂದ ತುರುಕುತ್ತಾರೆ, ಇಲ್ಲವೇ ಮುಂದಿನ ಪದವನ್ನು ಕತ್ತರಿಸುತ್ತಾರೆ.

ಪ್ರಾಸದ ಕಥೆಯೂ ಇದೇ. ಸಾಲುಗಳ ಎರಡನೆಯ ಅಕ್ಷರ ಒಂದಕ್ಕೊಂದು ಕೂಡುವಂತೆ ಕಟ್ಟುವುದು ಕನ್ನಡ ಪದಗಳ ಹಳೆಯ ಪದ್ಧತಿ. ಹಾಡ, ನೋಡ, ಮಾಡ ಎಂದು ಸಾಗುವ ಕಡೆ ನೋಡು ಎಂಬುದರ ಬದಲು ಕಾಣು ಎಂದಿಟ್ಟರೆ ಅರ್ಥ ಹೆಚ್ಚು ಕೆಡದಿರಬಹುದು, ಆದರೆ ನೆನಪಿನ ಕೊಂಡಿ ಕಳಚುತ್ತದೆ. ಓದು ಬಾರದ ಸಾವಿರಾರು ಜನ ಪುಸ್ತಕವಿಲ್ಲದೆ ಈ ಪದಗಳನ್ನು ಕಾಪಾಡಿದ್ದು ಇಂಥ ಕೊಂಡಿಗಳ ಬಲದಿಂದ. ಉರ್ದು, ಮರಾಠಿ ಮಾತುಗಳನ್ನು ತೆಗೆದು ಪದವನ್ನು ಶುದ್ಧಗೊಳಿಸುವ ಯತ್ನವೂ ಅಷ್ಟೇ ಹಾನಿಕರ. ಜಲಾಲಸಾಹೇಬನಂಥ ಶಿಷ್ಯನನ್ನು ಪಡೆದ ಗುರುವಿನ ನುಡಿಯಲ್ಲಿ ಆ ಬೆರಕೆ ಆಕಸ್ಮಿಕವಲ್ಲ, ಅದೇ ಅವರ ಲೋಕ.

ಶರೀಫರು, ಅಶ್ವತ್ಥ್ ಮತ್ತು ಕುಮಾರ ಗಂಧರ್ವರು

ಮಡಿವಾಳಪ್ಪನವರ ನಂತರದ ತಲೆಮಾರಿನ ಶಿಶುನಾಳ ಶರೀಫರಿಗೆ (1819-1889) ಬೇರೊಂದು ಭಾಗ್ಯ ಒದಗಿತು. ಸಿ. ಅಶ್ವತ್ಥ್ ಅವರು ಶರೀಫರ ಪದಗಳಿಗೆ ರಾಗ ಸಂಯೋಜಿಸಿ ಹಾಡಿ ಕ್ಯಾಸೆಟ್ಟುಗಳ ಮೂಲಕ ರಾಜ್ಯದ ಮನೆಮನೆಗೆ ಮುಟ್ಟಿಸಿದರು. ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರ 1990ರಲ್ಲಿ ತೆರೆಕಂಡಾಗ ಅದರ ಸಂಗೀತವೂ ಅವರದೇ. 2009ರಲ್ಲಿ ಅಶ್ವತ್ಥ್ ತೀರಿಕೊಂಡ ಮೇಲೂ ಶಾಲೆಯ ಮಕ್ಕಳು ಶರೀಫರನ್ನು ಅವರ ಧಾಟಿಯಲ್ಲಿಯೇ ಹಾಡುತ್ತಿದ್ದಾರೆ. ಅವರ ಹಾಡಿಕೆ ಗೆದ್ದದ್ದು ಮಾತಿನ ಒರಟುತನಕ್ಕೆ ಅವರು ಅಂಜದ ಕಾರಣ. ಎದೆ ತೆರೆದು ಎತ್ತಿದ ದನಿಯಲ್ಲಿ ಉತ್ತರ ಕರ್ನಾಟಕದ ಆಡುನುಡಿ ಹಾಗೆಯೇ ಉಳಿಯಿತು. ಆದರೆ ಆ ಗೆಲುವಿಗೆ ಬೆಲೆಯೂ ಇತ್ತು. ಅಶ್ವತ್ಥರ ಧಾಟಿಯೇ ಶರೀಫರ ಧಾಟಿ ಎಂದು ಅನೇಕರು ನಂಬಿದರು. ಊರೂರಿನ ಭಜನೆಯ ಮೆಟ್ಟುಗಳು ನಗರದ ಕಿವಿಗೆ ಬೀಳದೆ ಹಿಂದೆ ಸರಿದವು.

ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಥೆ ಇನ್ನೂ ದೂರದ್ದು. ಕ್ಷಯರೋಗಕ್ಕೆ ತುತ್ತಾಗಿ 1948ರಲ್ಲಿ ಮಧ್ಯ ಭಾರತದ ದೇವಾಸಕ್ಕೆ ಹೋದ ಅವರು ಕೆಲವು ವರ್ಷ ಹಾಡಲಾಗದೆ ಹಾಸಿಗೆ ಹಿಡಿದರು. ಆಗ ಕಿವಿಗೆ ಬಿದ್ದ ಮಾಳವದ ಜಾನಪದ ಗೀತೆಗಳು, ನಾಥಪಂಥದ ಹಾಡುಗಾರರ ಪದಗಳು ಮುಂದೆ ಅವರ ಕಬೀರ ಗಾಯನಕ್ಕೆ ದಾರಿಯಾದವು. ಶಾಸ್ತ್ರೀಯ ಸಂಗೀತದ ಸಕಲ ಸಾಮರ್ಥ್ಯ ಕೈಯಲ್ಲಿದ್ದರೂ ನಿರ್ಗುಣ ಪದಗಳಲ್ಲಿ ಅವರು ತಾನಗಳ ಮಳೆ ಸುರಿಸಲಿಲ್ಲ. ಬೀದಿಯ ಜೋಗಿಯ ಕೂಗಿನಲ್ಲಿರುವ ಒಂಟಿತನವನ್ನು ದನಿಗೆ ತಂದುಕೊಂಡರು. ಹಾಡಿನ ಅಗತ್ಯ ಎಷ್ಟೋ ಅಷ್ಟೇ ವಿದ್ಯೆಯನ್ನು ಬಳಸಿ ಉಳಿದದ್ದನ್ನು ತಡೆಹಿಡಿಯುವುದು ಮರುಹಾಡಿಕೆಯ ದೊಡ್ಡ ಗುಣವೆಂದು ಅವರ ಗಾಯನ ತೋರಿಸಿಕೊಟ್ಟಿತು.

ಕೇಳುಗರ ಹೊಣೆ

ಮಡಿವಾಳಪ್ಪನವರಿಗೆ ಅಶ್ವತ್ಥರಂಥ ಒಬ್ಬ ಪ್ರಚಾರಕ ದೊರೆಯಲಿಲ್ಲವೆಂಬ ಕೊರಗು ಕಲ್ಯಾಣ ಕರ್ನಾಟಕದಲ್ಲಿದೆ. ಹಳೆಯ ಮೈಸೂರು ಭಾಗದ ಎಷ್ಟೋ ಓದುಗರಿಗೆ ಅವರ ಹೆಸರೂ ಅಪರಿಚಿತ. ಕೊರಗಿಗೆ ಆಧಾರವಿದೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ರಾಜ್ಯದ ತತ್ವಪದಗಳನ್ನು ಸಂಪುಟಗಳಾಗಿ ಹೊರತಂದ ಮೇಲೆ ಈ ಸಾಹಿತ್ಯ ಓದುಗರ ಕೈಗೆ ಎಟುಕಿದೆ. ಆದರೆ ಅಚ್ಚಿನ ಪುಟ ಮೆಟ್ಟನ್ನು ಹಿಡಿದಿಡಲಾರದು. ರಾತ್ರಿಯಿಡೀ ಹಾಡುವ ಹಿರಿಯರು ಒಬ್ಬೊಬ್ಬರಾಗಿ ಮರೆಯಾದಂತೆ ಅವರೊಡನೆ ಒಂದೊಂದು ಊರಿನ ಧಾಟಿಯೂ ಮರೆಯಾಗುತ್ತದೆ. ಇಂದು ಪ್ರತಿ ಹಳ್ಳಿಯಲ್ಲಿಯೂ ಮೊಬೈಲ್ ಇದೆ, ಭಜನೆಗಳು ಯೂಟ್ಯೂಬಿಗೆ ಏರುತ್ತಿವೆ. ಧಾಟಿಗಳು ಉಳಿಯಲು ಇದೊಂದು ದಾರಿ. ಆದರೆ ಹೆಚ್ಚು ಜನ ನೋಡಿದ ಒಂದೇ ಧಾಟಿ ಉಳಿದವನ್ನು ನುಂಗುವ ಭಯವೂ ಅದರಲ್ಲಿಯೇ ಅಡಗಿದೆ.

ಒಬ್ಬ ಪ್ರಚಾರಕ ದೊರೆಯದ ಕೊರತೆಯೇ ಇನ್ನೊಂದು ರೀತಿಯಲ್ಲಿ ಆ ಪದಗಳನ್ನು ಕಾಯ್ದಿದೆ. ಮಡಿವಾಳಪ್ಪನವರ ಪದಕ್ಕೆ ಇದೇ ಸರಿಯಾದ ಧಾಟಿ ಎಂದು ಯಾರೂ ಮುದ್ರೆ ಒತ್ತಿಲ್ಲ. ಆದ್ದರಿಂದ ಹೊಸದಾಗಿ ಹಾಡಲು ಬರುವವರಿಗೆ ಅಂಗಳ ತೆರೆದೇ ಇದೆ. ಗಿಟಾರ್ ಹಿಡಿದು ಬಂದರೂ, ಏಕತಾರಿ ಹಿಡಿದು ಬಂದರೂ ಅವರಿಗೆ ಆ ಪದ ಕೇಳುವ ಲೆಕ್ಕ ಒಂದೇ. ಕಟು ನುಡಿಯನ್ನು ಬಿಡದೆ ಹಾಡಬೇಕು. ಸೀಮೆಯ ಮಾತನ್ನು ತಿದ್ದದೆ ಹಾಡಬೇಕು. ಕೊನೆಯ ನುಡಿಯಲ್ಲಿ ಮಹಾಂತನ ಹೆಸರನ್ನು ನುಂಗದೆ, ಕೇಳುವವರಿಗೆ ಸ್ಪಷ್ಟವಾಗಿ ಮುಟ್ಟುವಂತೆ ಹಾಡಬೇಕು. ಇಷ್ಟು ಸಂದಾಯವಾದರೆ ಧಾಟಿ ಹಾಡುವವರ ಸ್ವಂತದ್ದು.

ಹುಟ್ಟಿನ ಮೂಲ ಕೇಳಿ ಮನುಷ್ಯನ ಬೆಲೆ ಕಟ್ಟಿದವರ ವಿರುದ್ಧ ಮಡಿವಾಳಪ್ಪನವರು ಬಾಳಿನುದ್ದಕ್ಕೂ ಹಾಡಿದರು. ಅವರ ಪದಗಳಿಗೂ ಅದೇ ನ್ಯಾಯ ಸಲ್ಲುತ್ತದೆ. ಯಾವ ಕೊರಳಿನಿಂದ ಬಂತೆಂದು ಕೇಳದೆ, ಕೇಳಿದವರ ಎದೆಯಲ್ಲಿ ಏನು ಮಾಡಿತೆಂದು ನೋಡಿಯೇ ಅವುಗಳ ಬೆಲೆ ಕಟ್ಟಬೇಕು.