ರೋಗಿಯ ನಾಲಗೆಗೆ ಮಾತಿತ್ತ ವೈದ್ಯೆ: ಡಾ. ಅನುಪಮಾ ನಿರಂಜನ

ಚಿಕಿತ್ಸೆಗೆ ನಾಲ್ಕು ಪಾದಗಳೆಂಬುದು ಚರಕಾಚಾರ್ಯರ ಮತ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ ಎಂಬಿವೇ ಆ ನಾಲ್ಕು. ರೋಗಿಯಲ್ಲಿ ಇರಬೇಕಾದ ಗುಣಗಳನ್ನು ಎಣಿಸುವಾಗ ಅವರು ನಿರ್ಭಯತೆಯನ್ನೂ, ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯನ್ನೂ ಸೇರಿಸಿರುವುದು ಗಮನಾರ್ಹವಾಗಿದೆ. ಆದರೆ ಭಯದಿಂದ ಬಾಯೊಣಗಿ, ಲಜ್ಜೆಯಿಂದ ತಲೆತಗ್ಗಿಸಿ ಕುಳಿತ ರೋಗಿಗೆ ಆ ಶಕ್ತಿಯನ್ನು ಕೊಡುವವರಾರು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೂ ಬರಹದಿಂದಲೂ ಉತ್ತರವಿತ್ತವರು ಡಾ. ಅನುಪಮಾ ನಿರಂಜನ ಅವರು.

ಅನುಪಮಾ ಅವರು 1934ರಲ್ಲಿ ಮಲೆನಾಡಿನ ತೀರ್ಥಹಳ್ಳಿಯಲ್ಲಿ ಜನಿಸಿದರು. ತಂದೆತಾಯಿಗಳಿಟ್ಟ ಹೆಸರು ವೆಂಕಟಲಕ್ಷ್ಮಿ. ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲೇರುವುದೇ ವಿರಳವಾಗಿದ್ದ ಆ ಕಾಲದಲ್ಲಿ ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ವೈದ್ಯ ಪದವಿಯನ್ನು ಪಡೆದರು. 1956ರಲ್ಲಿ ಪ್ರಸಿದ್ಧ ಕಾದಂಬರಿಕಾರರಾದ ನಿರಂಜನರ ಕೈಹಿಡಿದರು. ಧಾರವಾಡದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿಯನ್ನು ನಡೆಸಿದರು. ಒಂದು ಕೈಯಲ್ಲಿ ನಾಡಿ ಹಿಡಿದು, ಇನ್ನೊಂದು ಕೈಯಲ್ಲಿ ಲೇಖನಿ ಹಿಡಿದ ಜೀವನ ಅವರದು. ‘ಮಾಧವಿ’ಯಂತಹ ಕಾದಂಬರಿಗಳನ್ನು ರಚಿಸಿದರು, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ ಎಂಬ ಬೃಹತ್ ಮಾಲೆಯನ್ನು ಹನ್ನೆರಡು ಸಂಪುಟಗಳಲ್ಲಿ ಹೆಣೆದರು. ಆದರೆ ಪ್ರಕೃತ ನಾವು ಸ್ಮರಿಸಬೇಕಾದುದು ರೋಗಿಗೂ ವೈದ್ಯನಿಗೂ ನಡುವೆ ಅವರು ಕಟ್ಟಿದ ಸೇತುವೆಯನ್ನು.

ಆ ಸೇತುವೆ ಏಕೆ ಬೇಕಾಗಿತ್ತೆಂಬುದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದ ನಡುವಿನಿಂದ ಗೃಹಿಣಿಯೊಬ್ಬಳು ಆಸ್ಪತ್ರೆಗೆ ಬರುವಳೆಂದು ಭಾವಿಸಿರಿ. ಸಂಕಟ, ಸುಸ್ತು, ಕಿಬ್ಬೊಟ್ಟೆಯ ನೋವು ಎಂದು ಅವಳು ಅರ್ಧ ಹೇಳುತ್ತಾಳೆ. ಉಳಿದರ್ಧವನ್ನು ಸೆರಗಿನಲ್ಲಿಯೇ ಮುಚ್ಚಿಕೊಳ್ಳುತ್ತಾಳೆ. ವೈದ್ಯನು ಓದಿದ್ದು ಇಂಗ್ಲಿಷಿನಲ್ಲಿ. ಆತನ ಶಾಸ್ತ್ರದ ಶಬ್ದ ಅವಳಿಗೆ ತಿಳಿಯದು. ಅವಳ ಮನೆಮಾತಿನ ಸೂಕ್ಷ್ಮ ಆತನಿಗೆ ಹೊಳೆಯದು. ಕೈಗೆ ಚೀಟಿ ಬರುತ್ತದೆ, ಗುಳಿಗೆಯೂ ಬರುತ್ತದೆ. ಅದನ್ನು ಊಟಕ್ಕೆ ಮೊದಲು ನುಂಗಬೇಕೋ ಅನಂತರವೋ, ನೋವು ನಿಂತರೆ ಬಿಡಬಹುದೋ ಬಾರದೋ ಎಂಬುದು ಮಾತ್ರ ತಿಳಿದಿರುವುದಿಲ್ಲ. ಔಷಧವೂ ಉಂಟು, ವೈದ್ಯನೂ ಉಂಟು. ನಡುವೆ ಮಾತಿಲ್ಲದ ಕಾರಣದಿಂದ ರೋಗ ಬಲಿಯುತ್ತದೆ.

ಕನ್ನಡಕ್ಕೆ ವೈದ್ಯವನ್ನು ನುಡಿಯುವ ಶಕ್ತಿಯಿಲ್ಲವೆಂದು ಹೇಳುವವರುಂಟು. ಇದು ಸಾಧುವಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ಹದಿನಾಲ್ಕನೆಯ ಶತಮಾನದ ಮಂಗರಸನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನು ನಿರೂಪಿಸಿದನು. ಶರಣರಲ್ಲಿ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ವಚನಕ್ಕೆ ತಂದನು. ಭಾಷೆಗೆ ಬಡತನವಿರಲಿಲ್ಲ, ಅದನ್ನು ರೋಗಿಯ ಬಳಿಗೆ ಕೊಂಡೊಯ್ಯುವ ಮನಸ್ಸಿಗೆ ಬಡತನವಿತ್ತು.

ಅನುಪಮಾ ಅವರು ಆ ಬಡತನವನ್ನು ನೀಗಲು ತೊಡಗಿದರು. ಹರೆಯಕ್ಕೆ ಕಾಲಿಡುವ ಹೆಣ್ಣುಮಕ್ಕಳಿಗಾಗಿ ‘ಕೇಳು ಕಿಶೋರಿ’ಯನ್ನೂ, ಬಸುರಿ ಬಾಣಂತಿಯರಿಗಾಗಿ ‘ತಾಯಿ-ಮಗು’ವನ್ನೂ, ಗೃಹಸ್ಥರಿಗಾಗಿ ‘ದಾಂಪತ್ಯ ದೀಪಿಕೆ’ಯನ್ನೂ ರಚಿಸಿದರು. ಮುಟ್ಟು, ಬಸಿರು, ಹೆರಿಗೆ ಎಂಬ ಮಾತುಗಳನ್ನು ಹಿತ್ತಿಲ ಪಿಸುಮಾತಿನಿಂದ ಬಿಡಿಸಿ ಪುಸ್ತಕದ ಪುಟಕ್ಕೆ ಗೌರವದಿಂದ ತಂದರು. ಇವುಗಳಲ್ಲಿ ಶಾಸ್ತ್ರದ ಗಾಂಭೀರ್ಯಕ್ಕೆ ಕುಂದಿಲ್ಲ, ಓದುವವರಿಗೆ ಕ್ಲೇಶವೂ ಇಲ್ಲ. ಹಿರಿಯಕ್ಕನೊಬ್ಬಳು ಪಕ್ಕದಲ್ಲಿ ಕುಳಿತು ಹೇಳುವ ಧಾಟಿ ಅವುಗಳದು. ತನ್ನ ದೇಹದ ವಿಚಾರವನ್ನು ಹೇಳಲು ಶಬ್ದವಿದೆ, ಹೇಳುವುದು ಪಾಪವಲ್ಲ ಎಂದು ತಿಳಿದ ಹೆಣ್ಣು ವೈದ್ಯರೆದುರು ಪೂರ್ತಿ ಬಾಯಿ ಬಿಡುತ್ತಾಳೆ. ಚರಕರು ಬಯಸಿದ ನಿರ್ಭಯತೆ ಇಂತಹ ಅರಿವಿನಿಂದಲೇ ಹುಟ್ಟುವಂಥದು.

ವಿಧಿ ಅವರನ್ನು ವೈದ್ಯರ ಪೀಠದಲ್ಲಿಯೇ ಉಳಿಯಗೊಡಲಿಲ್ಲ. 1970ರ ದಶಕದ ಆರಂಭದಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಅನುಪಮಾ ಅವರು ಪತ್ನಿಯಾಗಿ ಪರಿಚಾರಿಕೆಯ ಸ್ಥಾನದಲ್ಲಿ ನಿಂತರು. ದೇಹ ಸೋತರೂ ನಿರಂಜನರ ಸಾಹಿತ್ಯ ಕಾಯಕ ನಿಲ್ಲಲಿಲ್ಲ. ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ ಅವರ ಸಂಪಾದಕತ್ವದಲ್ಲಿ ಹೊರಬಂದುದು ಈ ಅಸ್ವಾಸ್ಥ್ಯದ ಅನಂತರವೇ. ಮುಂದೆ ಕ್ಯಾನ್ಸರ್ ವ್ಯಾಧಿ ಅನುಪಮಾ ಅವರನ್ನೇ ಹಿಡಿಯಿತು. ಆ ವ್ಯಾಧಿಯಿಂದಲೇ 1991ರಲ್ಲಿ, ಅರುವತ್ತು ತುಂಬುವ ಮುನ್ನವೇ, ಅವರು ತೀರಿಕೊಂಡರು. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಔಷಧವೊಂದನ್ನುಳಿದು ಮೂರೂ ಪಾದಗಳಲ್ಲಿ ನಿಂತು ನೋಡಿದ ಬಾಳು ಅದು. ಕರ್ನಾಟಕ ಲೇಖಕಿಯರ ಸಂಘವು ಅವರ ಹೆಸರಿನಲ್ಲಿ ಅನುಪಮಾ ಪ್ರಶಸ್ತಿಯನ್ನು ಸ್ಥಾಪಿಸಿ ಅವರ ನೆನಪನ್ನು ಹಸುರಾಗಿರಿಸಿದೆ.

ಈ ಶಾಲೆಯ ಮಕ್ಕಳಲ್ಲಿ ಕೆಲವರು ನಾಳೆ ವೈದ್ಯರಾಗುವರು, ಕೆಲವರು ದಾದಿಯರಾಗುವರು. ಮಿಕ್ಕವರೆಲ್ಲರೂ ಎಂದಾದರೊಂದು ದಿನ ಮನೆಯ ಹಿರಿಯರ ಕೈಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವರು. ನಮ್ಮ ರೈತನು ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗೆ ಗಿಟುಕು ಬಿಟ್ಟಿದೆಯೇ ಎಂದು ಸದ್ದಿನಿಂದಲೇ ಅರಿಯುತ್ತಾನೆ; ಕೇಳದೆ ಒಡೆಯುವುದಿಲ್ಲ. ಕಾಯಿಗೆ ಸಲ್ಲುವ ಈ ತಾಳ್ಮೆ ಮನುಷ್ಯನಿಗೆ ಸಲ್ಲಬೇಡವೆ? ಮೊದಲು ಕೇಳುವುದು, ಬಳಿಕ ತಿಳಿಯುವಂತೆ ಹೇಳುವುದು, ಹೇಳಿದ್ದು ತಿಳಿಯಿತೇ ಎಂದು ವಿಚಾರಿಸುವುದು: ಈ ಮೂರಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಇವನ್ನು ರೂಢಿಸಿಕೊಂಡವರೇ ಅನುಪಮಾ ಅವರಿಗೆ ನಿಜವಾದ ಗೌರವ ಸಲ್ಲಿಸಿದವರಾಗುತ್ತಾರೆ.