ವಿದ್ಯುತ್ ಜಾಲದ ಲೆಕ್ಕವನ್ನು ಎಲ್ಲರಿಗೂ ತೆರೆದಿಟ್ಟ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್ (1865–1923)

ಪೀಠಿಕೆ

ಸಾರ್ವಜನಿಕರು ಹೊಸ ವಿದ್ಯುತ್ ಸಂಪರ್ಕಕ್ಕಾಗಿ ಅಥವಾ ಮಂಜೂರಾದ ಹೊರೆಯ ಹೆಚ್ಚಳಕ್ಕಾಗಿ ಅರ್ಜಿ ಸಲ್ಲಿಸಿದಾಗ, ಅಗತ್ಯವಿರುವೆಡೆ ತಾಂತ್ರಿಕ ಪರಿಶೀಲನೆ ನಡೆಸಲಾಗುತ್ತದೆ. ಆ ಭಾಗದ ಪರಿವರ್ತಕವು ಹೆಚ್ಚುವರಿ ಹೊರೆಯನ್ನು ತಾಳಬಲ್ಲದೇ, ಮಾರ್ಗದ ತುದಿಯಲ್ಲಿರುವ ಮನೆಗೂ ಸಾಕಷ್ಟು ವೋಲ್ಟೇಜ್ ತಲುಪುವುದೇ ಎಂಬುದನ್ನು ಕಂಬ ನೆಡುವ ಮೊದಲೇ ಲೆಕ್ಕ ಹಾಕಿ ತಿಳಿಯಲು ಸಾಧ್ಯವಿದೆ. ನೂರಮೂವತ್ತು ವರ್ಷಗಳ ಹಿಂದೆ ಇಂತಹ ಲೆಕ್ಕ ಸುಲಭವಾಗಿರಲಿಲ್ಲ. ಇದನ್ನು ಸಾಮಾನ್ಯ ಇಂಜಿನಿಯರನ ಕೈಗೆಟುಕುವಂತೆ ಮಾಡಿದವರಲ್ಲಿ ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್ ಅವರು ಅಗ್ರಗಣ್ಯರು. ಸಾರ್ವಜನಿಕರ ತಿಳಿವಳಿಕೆಗಾಗಿ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಸ್ಟೈನ್‌ಮೆಟ್ಸ್ ಅವರು 1865ರ ಏಪ್ರಿಲ್ 9ರಂದು ಅಂದಿನ ಪ್ರಷ್ಯಾ ರಾಜ್ಯದ ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ಈ ನಗರವು ಈಗ ಪೋಲೆಂಡ್ ದೇಶಕ್ಕೆ ಸೇರಿದ್ದು, ವ್ರೊತ್ಸ್ವಾಫ್ ಎಂದು ಕರೆಯಲ್ಪಡುತ್ತದೆ. ಅವರ ಜನ್ಮನಾಮ ಕಾರ್ಲ್ ಆಗಸ್ಟ್ ರುಡಾಲ್ಫ್ ಸ್ಟೈನ್‌ಮೆಟ್ಸ್. ತಂದೆಯವರು ರೈಲ್ವೆಯಲ್ಲಿ ಕಲ್ಲಚ್ಚಿನ ಕೆಲಸದಲ್ಲಿದ್ದರು. ತಾಯಿಯವರು ಇವರ ಶೈಶವದಲ್ಲಿಯೇ ತೀರಿಕೊಂಡರು. ತಂದೆ ಮತ್ತು ಅಜ್ಜನವರಿಗೆ ಇದ್ದಂತೆಯೇ ಇವರಿಗೂ ಹುಟ್ಟಿನಿಂದಲೇ ಬೆನ್ನಿನ ಗೂನು ಮತ್ತು ಸೊಂಟದ ಊನವಿದ್ದು, ಬೆಳೆದ ಮೇಲೂ ಅವರ ಎತ್ತರ ಸುಮಾರು ನಾಲ್ಕು ಅಡಿಗಳಷ್ಟೇ ಇತ್ತು.

ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತವಿಜ್ಞಾನವನ್ನು ಅಭ್ಯಸಿಸಿದ ಇವರನ್ನು ಸಹಪಾಠಿಗಳು ಪ್ರೋಟಿಯಸ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಗ್ರೀಕ್ ಪುರಾಣದಲ್ಲಿ ಬೇಕಾದ ರೂಪ ತಾಳಬಲ್ಲ ಸಮುದ್ರದೇವತೆಯ ಹೆಸರು ಅದು. ವಿದ್ಯಾರ್ಥಿ ದೆಸೆಯಲ್ಲಿ ಸಮಾಜವಾದಿ ಚಟುವಟಿಕೆಗಳಲ್ಲಿ ತೊಡಗಿದ್ದರಿಂದ ಪೊಲೀಸರ ಗಮನಕ್ಕೆ ಬಂದು, 1888ರಲ್ಲಿ ಡಾಕ್ಟರೇಟ್ ಪದವಿ ಕೈಸೇರುವ ಮುನ್ನವೇ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ಪಲಾಯನ ಮಾಡಬೇಕಾಯಿತು.

ಅಮೆರಿಕಕ್ಕೆ ಆಗಮನ

1889ರಲ್ಲಿ ಅವರು ಸ್ನೇಹಿತರೊಬ್ಬರೊಂದಿಗೆ ಹಡಗಿನ ಅಗ್ಗದ ದರ್ಜೆಯಲ್ಲಿ ಪ್ರಯಾಣಿಸಿ ನ್ಯೂಯಾರ್ಕ್ ತಲುಪಿದರು. ಕೈಯಲ್ಲಿ ಹಣವಿಲ್ಲದಿರುವುದು, ಇಂಗ್ಲಿಷ್ ಬಾರದಿರುವುದು ಮತ್ತು ಅಂಗವೈಕಲ್ಯ, ಈ ಕಾರಣಗಳಿಂದ ಅವರನ್ನು ಬಂದರಿನಿಂದಲೇ ಹಿಂದಕ್ಕೆ ಕಳುಹಿಸುವ ಸಂದರ್ಭ ಒದಗಿತ್ತು. ಸ್ನೇಹಿತರು ಇವರ ಜವಾಬ್ದಾರಿಯನ್ನು ವಹಿಸಿಕೊಂಡ ಮೇಲೆ ಪ್ರವೇಶ ದೊರೆಯಿತು. ನಂತರ ಯಾಂಕರ್ಸ್ ಪಟ್ಟಣದಲ್ಲಿ ರುಡಾಲ್ಫ್ ಐಕೆಮೇಯರ್ ಎಂಬುವರ ಕಾರ್ಖಾನೆಯಲ್ಲಿ ಉದ್ಯೋಗಕ್ಕೆ ಸೇರಿದರು. ಸ್ವತಃ ಜರ್ಮನಿಯಿಂದ ರಾಜಕೀಯ ಕಾರಣಕ್ಕೆ ವಲಸೆ ಬಂದಿದ್ದ ಐಕೆಮೇಯರ್ ಅವರು ಈ ಯುವಕನಿಗೆ ಪ್ರಯೋಗ ನಡೆಸಲು ಅವಕಾಶ ಒದಗಿಸಿದರು.

ಇನ್ನೊಬ್ಬರ ಅಂಕಿಅಂಶಗಳಿಂದ ದೊರೆತ ನಿಯಮ

ಪರ್ಯಾಯ ವಿದ್ಯುತ್ ಪ್ರವಾಹದಲ್ಲಿ ಕಬ್ಬಿಣದ ಕಾಂತತ್ವದ ದಿಕ್ಕು ಪ್ರತಿ ಸೆಕೆಂಡಿಗೆ ಹಲವು ಬಾರಿ ಬದಲಾಗುತ್ತದೆ. ಪ್ರತಿ ಬದಲಾವಣೆಯಲ್ಲಿಯೂ ಸ್ವಲ್ಪ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಇದಕ್ಕೆ ಹಿಸ್ಟೆರೆಸಿಸ್ ನಷ್ಟ ಎಂದು ಹೆಸರು. ಮೋಟಾರು ಅಥವಾ ಪರಿವರ್ತಕದಲ್ಲಿ ಈ ನಷ್ಟ ಎಷ್ಟಾಗುವುದೆಂದು ಮುಂಚಿತವಾಗಿ ತಿಳಿಯಲು ಸರಳ ಸೂತ್ರವಿರಲಿಲ್ಲ. ಹೀಗಾಗಿ ಯಂತ್ರವನ್ನು ತಯಾರಿಸಿ, ಅದು ವಿಪರೀತ ಬಿಸಿಯಾದರೆ ಮತ್ತೆ ವಿನ್ಯಾಸ ಬದಲಿಸಬೇಕಾಗುತ್ತಿತ್ತು.

ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಅವರು ಈ ನಷ್ಟವನ್ನು ಅಳತೆ ಮಾಡಿ ಅಂಕಿಅಂಶಗಳನ್ನು ಪ್ರಕಟಿಸಿದ್ದರು. ಸ್ಟೈನ್‌ಮೆಟ್ಸ್ ಅವರು ಅವುಗಳನ್ನು ಪರಿಶೀಲಿಸಿ, ನಷ್ಟವು ಕಾಂತೀಯ ತೀವ್ರತೆಯ 1.6ನೇ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಕಂಡುಕೊಂಡು, 1890ರ ಡಿಸೆಂಬರಿನಲ್ಲಿ ಒಂದು ಕಿರು ಟಿಪ್ಪಣಿಯ ಮೂಲಕ ತಿಳಿಸಿದರು. ಅಂದರೆ ತೀವ್ರತೆಯು ಎರಡರಷ್ಟಾದರೆ ನಷ್ಟವು ಸುಮಾರು ಮೂರರಷ್ಟಾಗುತ್ತದೆ. ಬಳಿಕ ತಾವೇ ಅನೇಕ ಬಗೆಯ ಕಬ್ಬಿಣ ಮತ್ತು ಉಕ್ಕಿನ ಮಾದರಿಗಳನ್ನು ಪರೀಕ್ಷಿಸಿ, 1892ರ ಜನವರಿಯಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಅಳತೆಗಳ ಕೋಷ್ಟಕಗಳ ಸಹಿತ ಪ್ರಬಂಧ ಮಂಡಿಸಿದರು.

ಯೂಯಿಂಗ್ ಅವರ ಅಳತೆಗಳು ಅವರ ಪೆಟ್ಟಿಗೆಯಲ್ಲಿಯೇ ಉಳಿದಿದ್ದಲ್ಲಿ, ಮತ್ತೊಂದು ದೇಶದ ಕಾರ್ಖಾನೆಯಲ್ಲಿದ್ದ ಇಪ್ಪತ್ತೈದು ವರ್ಷದ ವಲಸಿಗನಿಗೆ ಅವುಗಳಿಂದ ನಿಯಮ ಕಾಣಲು ಸಾಧ್ಯವಾಗುತ್ತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಲೆಕ್ಕದ ಹೊಸ ವಿಧಾನ

1893ರಲ್ಲಿ ಐಕೆಮೇಯರ್ ಸಂಸ್ಥೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯು ಖರೀದಿಸಿತು. ಸ್ಟೈನ್‌ಮೆಟ್ಸ್ ಅವರು ಅದರೊಂದಿಗೆ ಆ ಕಂಪನಿಯನ್ನು ಸೇರಿ, 1894ರಿಂದ ಸ್ಕೆನೆಕ್ಟಡಿ ನಗರದಲ್ಲಿ ನೆಲೆಸಿದರು.

1893ರಲ್ಲಿಯೇ ಷಿಕಾಗೋ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಅವರು ಪರ್ಯಾಯ ವಿದ್ಯುತ್ತಿನ ಲೆಕ್ಕಕ್ಕೆ ಸಂಕೀರ್ಣ ಸಂಖ್ಯೆಗಳನ್ನು ಬಳಸುವ ವಿಧಾನವನ್ನು ಮಂಡಿಸಿದರು. ಪರ್ಯಾಯ ವಿದ್ಯುತ್ತಿನಲ್ಲಿ ವೋಲ್ಟೇಜ್ ಮತ್ತು ಪ್ರವಾಹಗಳು ಕ್ಷಣಕ್ಷಣಕ್ಕೂ ಏರಿಳಿಯುತ್ತವೆ. ಎರಡೂ ಏಕಕಾಲದಲ್ಲಿ ಏರಬೇಕೆಂಬ ನಿಯಮವೂ ಇಲ್ಲ. ಇದನ್ನು ಕಲನಶಾಸ್ತ್ರದಿಂದ ಬಿಡಿಸುವುದು ಪ್ರಯಾಸಕರವಾಗಿತ್ತು. ಸ್ಟೈನ್‌ಮೆಟ್ಸ್ ಅವರ ವಿಧಾನದಲ್ಲಿ ಪ್ರತಿಯೊಂದು ಪರಿಮಾಣವನ್ನೂ ಎರಡು ಭಾಗಗಳುಳ್ಳ ಒಂದೇ ಸಂಖ್ಯೆಯಾಗಿ ಬರೆಯಲಾಗುತ್ತದೆ. ಲೆಕ್ಕಪುಸ್ತಕದಲ್ಲಿ ಎರಡು ಕಾಲಂಗಳನ್ನು ಜೊತೆಜೊತೆಯಾಗಿ ನಿರ್ವಹಿಸುವಂತೆ, ಈ ಎರಡು ಭಾಗಗಳನ್ನು ಕೂಡುವ, ಕಳೆಯುವ, ಗುಣಿಸುವ ಮೂಲಕವೇ ಉತ್ತರ ದೊರೆಯುತ್ತದೆ. ಕೈಗಾರಿಕಾ ಗ್ರಾಹಕರಿಗೆ ಪರಿಚಿತವಾದ ಪವರ್ ಫ್ಯಾಕ್ಟರ್ ಅನ್ನು ಸಹ ಈ ವಿಧಾನದಿಂದ ಸುಲಭವಾಗಿ ಕಂಡುಹಿಡಿಯಬಹುದಾಗಿದೆ.

1897ರಲ್ಲಿ ಈ ವಿಷಯದ ಕುರಿತು ಅವರ ಗ್ರಂಥ ಪ್ರಕಟವಾಯಿತು. ಆದರೆ ಅದನ್ನು ಓದಿ ಅರ್ಥ ಮಾಡಿಕೊಂಡವರು ವಿರಳ. ಪ್ರಕಟಿಸಿದ ಮಾತ್ರಕ್ಕೆ ಮಾಹಿತಿಯು ತಲುಪುವುದಿಲ್ಲವೆಂಬುದನ್ನು ಮನಗಂಡ ಅವರು, ಪ್ರಾಥಮಿಕ ಹಂತದಿಂದ ಆರಂಭಿಸಿ ಅನೇಕ ಪಠ್ಯಪುಸ್ತಕಗಳನ್ನು ರಚಿಸಿದರು. 1902ರಿಂದ ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಬೋಧಿಸಿದರು. ಕ್ರಮೇಣ ಈ ವಿಧಾನವು ವಿದ್ಯುತ್ ಇಂಜಿನಿಯರಿಂಗ್ ಶಿಕ್ಷಣದ ಸಾಮಾನ್ಯ ಪಾಠವಾಯಿತು.

ಸ್ಟೈನ್‌ಮೆಟ್ಸ್ ಅವರ ಎಲ್ಲ ಕಾರ್ಯವೂ ಮುಕ್ತವಾಗಿತ್ತೆಂದು ಹೇಳಲಾಗದು. ಅವರ ಸುಮಾರು 200 ಆವಿಷ್ಕಾರಗಳಿಗೆ ಪೇಟೆಂಟ್ ಪಡೆಯಲಾಗಿದ್ದು, ಅವುಗಳ ಲಾಭವು ಬಹುಮಟ್ಟಿಗೆ ಕಂಪನಿಗೆ ಸಂದಿತು. ಯಂತ್ರಗಳು ಕಂಪನಿಯ ಸ್ವತ್ತಾದವು. ಲೆಕ್ಕದ ವಿಧಾನವು ಮಾತ್ರ ಸರ್ವರ ಸ್ವತ್ತಾಯಿತು.

ಮೈಸೂರು ಸಂಸ್ಥಾನದೊಂದಿಗಿನ ನಂಟು

1902ರ ಜೂನ್ 30ರಂದು ಮೈಸೂರು ಸಂಸ್ಥಾನದ ಶಿವನಸಮುದ್ರ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಕೆ ಆರಂಭವಾಯಿತು. ಸುಮಾರು 147 ಕಿ.ಮೀ. ಉದ್ದದ ಈ ಮಾರ್ಗದಲ್ಲಿ 35,000 ವೋಲ್ಟ್ ಒತ್ತಡದ ಪರ್ಯಾಯ ವಿದ್ಯುತ್ತನ್ನು ಸಾಗಿಸಲಾಯಿತು. ಅಂದಿನ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಇದೂ ಒಂದಾಗಿತ್ತು. ಇದರ ವಿದ್ಯುತ್ ಯಂತ್ರೋಪಕರಣಗಳನ್ನು ಪೂರೈಸಿದ್ದು, ಸ್ಟೈನ್‌ಮೆಟ್ಸ್ ಅವರು ಸೇವೆಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿ. ಇಷ್ಟು ದೂರದ ಮಾರ್ಗದಲ್ಲಿ ಎಷ್ಟು ವೋಲ್ಟೇಜ್ ಕುಸಿಯುವುದೆಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕಂಡುಕೊಳ್ಳುವ ಸಾಮರ್ಥ್ಯ ಎಷ್ಟು ಅಗತ್ಯವೆಂಬುದಕ್ಕೆ ನಮ್ಮ ನಾಡಿನ ಈ ಯೋಜನೆಯೇ ನಿದರ್ಶನ.

ಕೊನೆಯ ವರ್ಷಗಳು

ಸ್ಟೈನ್‌ಮೆಟ್ಸ್ ಅವರು ವಿವಾಹವಾಗಲಿಲ್ಲ. ತಮ್ಮ ಸಹಾಯಕರಾಗಿದ್ದ ಜೋಸೆಫ್ ಹೇಡನ್ ಅವರನ್ನು ದತ್ತು ಸ್ವೀಕರಿಸಿ, ಅವರ ಪತ್ನಿ ಮತ್ತು ಮೂವರು ಮಕ್ಕಳೊಂದಿಗೆ ಒಂದೇ ಮನೆಯಲ್ಲಿ ವಾಸಿಸಿದರು. ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು.

ಮೋಹಾಕ್ ನದಿಯ ದಂಡೆಯಲ್ಲಿದ್ದ ಅವರ ಮರದ ಮನೆಗೆ ಒಮ್ಮೆ ಸಿಡಿಲು ಬಡಿಯಿತು. ಅವರು ಒಡೆದ ಕನ್ನಡಿಯ ಚೂರುಗಳನ್ನು ಆಯ್ದು ಮರುಜೋಡಿಸಿ ಸಿಡಿಲು ಹರಿದ ಹಾದಿಯನ್ನು ಅಧ್ಯಯನ ಮಾಡಿದರು. 1922ರಲ್ಲಿ 1,20,000 ವೋಲ್ಟಿನ ಕೃತಕ ಸಿಡಿಲನ್ನು ಪ್ರಯೋಗಾಲಯದಲ್ಲಿ ಸೃಷ್ಟಿಸಿ, ವಿದ್ಯುತ್ ಮಾರ್ಗಗಳನ್ನು ರಕ್ಷಿಸುವ ಸಿಡಿಲು ನಿರೋಧಕ ಸಾಧನಗಳ ಪರೀಕ್ಷೆಗೆ ದಾರಿ ಮಾಡಿಕೊಟ್ಟರು. 1923ರ ಅಕ್ಟೋಬರ್ 26ರಂದು, ತಮ್ಮ 58ನೇ ವಯಸ್ಸಿನಲ್ಲಿ, ಸ್ಕೆನೆಕ್ಟಡಿಯಲ್ಲಿ ನಿಧನರಾದರು.

ಇಂದಿನ ಮುಕ್ತ ದತ್ತಾಂಶಗಳು

ಅವರು ತೋರಿದ ಹಾದಿ ಇಂದಿಗೂ ಮುಂದುವರಿದಿದೆ. 1962ರ ಫೆಬ್ರವರಿಯಲ್ಲಿದ್ದಂತೆ ಅಮೆರಿಕದ ಮಧ್ಯಪಶ್ಚಿಮ ಭಾಗದ ಜಾಲವೊಂದರ 14 ಸಂಧಿಬಿಂದುಗಳ ವಿವರವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಗಣಕೀಕರಿಸಿ ಸಾರ್ವಜನಿಕಗೊಳಿಸಲಾಯಿತು. ಈ ಪುಟ್ಟ ಮಾದರಿಯನ್ನು ಇಂದು ಜಗತ್ತಿನಾದ್ಯಂತ ವಿದ್ಯಾರ್ಥಿಗಳೂ ಸಂಶೋಧಕರೂ ತಮ್ಮ ಲೆಕ್ಕದ ಪರೀಕ್ಷೆಗೆ ಬಳಸುತ್ತಾರೆ. ಮ್ಯಾಟ್‌ಪವರ್, ಪೈಪ್ಸಾ ಮುಂತಾದ ಮುಕ್ತ ತಂತ್ರಾಂಶಗಳು ಉಚಿತವಾಗಿ ಲಭ್ಯವಿವೆ. ಭಾರತದಲ್ಲಿ ಗ್ರಿಡ್ ಇಂಡಿಯಾ ಸಂಸ್ಥೆಯು ದೇಶದ ವಿದ್ಯುತ್ ಬೇಡಿಕೆ ಮತ್ತು ಪೂರೈಕೆಯ ದೈನಂದಿನ ವರದಿಗಳನ್ನು ಪ್ರಕಟಿಸುತ್ತದೆ. ಭದ್ರತೆಯ ದೃಷ್ಟಿಯಿಂದ ವಾಸ್ತವ ಜಾಲದ ಎಲ್ಲ ವಿವರಗಳನ್ನೂ ಬಹಿರಂಗಪಡಿಸಲಾಗದು. ಆದ್ದರಿಂದಲೇ ಇಂತಹ ಮಾದರಿಗಳ ಮಹತ್ವ ಹೆಚ್ಚು.

ಉಪಸಂಹಾರ

ಒಬ್ಬರು ಅಳೆದರು, ಮತ್ತೊಬ್ಬರು ಆ ಅಳತೆಯಿಂದ ನಿಯಮ ಕಂಡರು, ಅಸಂಖ್ಯಾತರು ಅದನ್ನು ಬಳಸಿ ಊರೂರಿಗೆ ಬೆಳಕು ತಂದರು. ಮೊದಲನೆಯವರು ತಮ್ಮ ಅಂಕಿಗಳನ್ನು ಬಚ್ಚಿಡದೆ ಪ್ರಕಟಿಸಿದ್ದೇ ಇದಕ್ಕೆ ಆಧಾರವಾಯಿತು. ಸಾರ್ವಜನಿಕರು ತಮ್ಮ ಅರ್ಜಿಯಲ್ಲಿ ಅಪೇಕ್ಷಿತ ಹೊರೆಯನ್ನು ಕಿಲೋವ್ಯಾಟ್‌ಗಳಲ್ಲಿ ಸರಿಯಾಗಿ ನಮೂದಿಸುವುದೂ ಇದೇ ಲೆಕ್ಕಕ್ಕೆ ಸಲ್ಲುವ ಕೊಡುಗೆಯಾಗಿದೆ. ಕಡಿಮೆ ಹೊರೆ ತೋರಿಸಿ ಹೆಚ್ಚು ಬಳಸಿದಲ್ಲಿ ಪರಿವರ್ತಕದ ಲೆಕ್ಕ ತಪ್ಪಿ, ಅದರ ತೊಂದರೆಯು ನೆರೆಹೊರೆಯವರೆಲ್ಲರನ್ನೂ ತಟ್ಟುತ್ತದೆ. ಆದ್ದರಿಂದ ನಿಖರವಾದ ಮಾಹಿತಿ ನೀಡಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ವಿನಂತಿ.